ತಿನ್ನುವ ವ್ಯಸನವೂ ಆತ್ಮಗೌರವವೂ

ಮದ್ಯ, ತಂಬಾಕು, ಜೂಜುಗಳ ವ್ಯಸನಕ್ಕೆ ಸಿಕ್ಕಿದವರಿಗೆ ಅವುಗಳನ್ನು ಪೂರ್ತಿಯಾಗಿ ತೊರೆದು ಬದುಕುವ ದಾರಿಯೊಂದು, ಎಷ್ಟೇ ಕಠಿಣವಾಗಿರಲಿ, ತೆರೆದೇ ಇರುತ್ತದೆ. ತಿನ್ನುವುದೇ ವ್ಯಸನವಾದವರು ಮಾತ್ರ ತಮ್ಮನ್ನು ಸೋಲಿಸುವ ವಸ್ತುವನ್ನೇ ದಿನಕ್ಕೆ ಮೂರು ಹೊತ್ತು, ಅದೂ ಮನೆಮಂದಿಯ ನಡುವೆ ಕುಳಿತು, ಎದುರಿಸಲೇಬೇಕಾಗುತ್ತದೆ. ಈ ಕಾಯಿಲೆಯ ಕುರಿತು ನಡೆದಿರುವ ಚರ್ಚೆಯ ಬಹುಭಾಗ ದೇಹದ ತೂಕ, ಸಕ್ಕರೆ, ಕೊಬ್ಬುಗಳ ಸುತ್ತಲೇ ಸುಳಿದಾಡಿದ್ದು, ಅದು ಮನುಷ್ಯನ ಆತ್ಮಗೌರವಕ್ಕೆ ಮಾಡುವ ಗಾಯವನ್ನು ಕೊನೆಯಲ್ಲಿ ಸೇರಿಸಬೇಕಾದ ಒಂದು ಪರಿಣಾಮವೆಂದಷ್ಟೇ ಎಣಿಸಲಾಗಿದೆ. ಆ ಗಾಯವು ಪರಿಣಾಮವಾಗಿರುವಂತೆಯೇ ಕಾರಣವೂ ಆಗಿದೆ ಎಂಬುದನ್ನು, ಅಂದರೆ ತನ್ನ ಬಗ್ಗೆ ತನಗೇ ಹುಟ್ಟುವ ಹೇಸಿಗೆಯೇ ಮುಂದಿನ ಸಲದ ತಿನ್ನುವಿಕೆಗೆ ದೂಡುತ್ತದೆ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಹಬ್ಬದ ದಿನ ಎರಡು ಹೋಳಿಗೆ ಹೆಚ್ಚಾಗಿ ತಿನ್ನುವುದಾಗಲಿ, ಮದುವೆಯ ಪಂಕ್ತಿಯಲ್ಲಿ ಬಡಿಸುವವರ ಒತ್ತಾಯಕ್ಕೆ ಮಣಿಯುವುದಾಗಲಿ, ಮಳೆಯ ಸಂಜೆ ಬೋಂಡಾದ ತಟ್ಟೆಯನ್ನು ಬರಿದುಮಾಡುವುದಾಗಲಿ ಕಾಯಿಲೆಯಲ್ಲ. ಹಸಿವಿಲ್ಲದಿದ್ದರೂ ತಿನ್ನತೊಡಗಿ, ಸಾಮಾನ್ಯಕ್ಕಿಂತ ವೇಗವಾಗಿ ನುಂಗುತ್ತಾ, ಹೊಟ್ಟೆ ಬಿಗಿದು ನೋಯುವವರೆಗೂ ನಿಲ್ಲಿಸಲಾರದೆ, ಯಾರೂ ನೋಡಬಾರದೆಂದು ಒಂಟಿಯಾಗಿ ತಿಂದು, ಮುಗಿದ ಮೇಲೆ ತನ್ನ ಮೇಲೆ ತನಗೇ ಅಸಹ್ಯಪಡುವ ಸ್ಥಿತಿಯನ್ನು ವೈದ್ಯರು ಅತಿಭಕ್ಷಣೆಯ ಕಾಯಿಲೆ ಎಂದು ಕರೆಯುತ್ತಾರೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲಿಯೇ ಇಂಥ ತಿನ್ನುವಿಕೆಯನ್ನು ಗುರುತಿಸಿ ಬರೆದಿದ್ದರೂ, ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಅದು ಸ್ವತಂತ್ರ ಕಾಯಿಲೆಯಾಗಿ ಸ್ಥಾನ ಪಡೆದದ್ದು 2013ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ. ಸರಾಸರಿ ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗೆ ನಡೆದಿರಬೇಕೆಂದು ಆ ಕೈಪಿಡಿ ಹೇಳುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯೂ ಇದನ್ನು ಒಪ್ಪಿಕೊಂಡಿದೆ. ಈ ಲಕ್ಷಣಗಳಲ್ಲಿ ದೇಹದ ತೂಕದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಸಾಧಾರಣ ಮೈಕಟ್ಟಿನವರಲ್ಲಿಯೂ ಈ ಕಾಯಿಲೆ ಇರಬಲ್ಲದು, ದಪ್ಪಗಿರುವವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇಲ್ಲದೆಯೂ ಇರಬಹುದು.

ಆಹಾರ ವ್ಯಸನ ಎಂಬ ಪರಿಕಲ್ಪನೆಯ ಚರಿತ್ರೆ ಇದರ ಪಕ್ಕದಲ್ಲಿಯೇ, ಆದರೆ ಬೇರೆ ಕಾಲುದಾರಿಯಲ್ಲಿ ಸಾಗಿಬಂದಿದೆ. ಅಲರ್ಜಿ ತಜ್ಞ ಥೆರಾನ್ ರಾಂಡಾಲ್ಫ್ 1956ರಲ್ಲಿ ಈ ಮಾತನ್ನು ವೈದ್ಯಕೀಯ ಬರವಣಿಗೆಯಲ್ಲಿ ಬಳಸಿದರು. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಶ್ಲಿ ಗಿಯರ್‌ಹಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಮಾದಕ ವಸ್ತುಗಳ ವ್ಯಸನಕ್ಕೆ ಇರುವ ಒರೆಗಲ್ಲನ್ನೇ ಆಹಾರಕ್ಕೂ ಅನ್ವಯಿಸುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಬಿಡಬೇಕೆಂದು ಎಷ್ಟು ಬಾರಿ ಯತ್ನಿಸಿ ಸೋತಿದ್ದಾರೆ, ಹಾನಿಯಾಗುತ್ತಿದೆಯೆಂದು ತಿಳಿದೂ ಮುಂದುವರಿಸುತ್ತಾರೆಯೇ, ಇದರಿಂದಾಗಿ ಕೆಲಸ ಮತ್ತು ಸಂಬಂಧಗಳು ಕೆಟ್ಟಿವೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಹಾಗಿದ್ದೂ ಆಹಾರ ವ್ಯಸನಕ್ಕೆ ಅಧಿಕೃತ ಕಾಯಿಲೆಗಳ ಪಟ್ಟಿಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ವ್ಯಸನವಿರುವುದು ಸಕ್ಕರೆ, ಕೊಬ್ಬುಗಳಂಥ ಪದಾರ್ಥದ ಮೇಲೋ ಅಥವಾ ತಿನ್ನುವ ಕ್ರಿಯೆಯ ಮೇಲೋ ಎಂಬ ವಾದ ವಿದ್ವಾಂಸರ ನಡುವೆ ಮುಗಿದಿಲ್ಲ.

ಈ ವಾದದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಲಿಗಳ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ಓದಬೇಕಾದ ಅಗತ್ಯವಿದೆ. ಬಾರ್ಟ್ ಹೋಬೆಲ್, ನಿಕೋಲ್ ಅವೆನಾ ಮತ್ತಿತರರು ಇಲಿಗಳಿಗೆ ದಿನದ ಹನ್ನೆರಡು ಗಂಟೆ ಏನನ್ನೂ ಕೊಡದೆ, ಉಳಿದ ಹನ್ನೆರಡು ಗಂಟೆ ಮಾಮೂಲಿ ಆಹಾರದ ಜೊತೆಗೆ ಸಕ್ಕರೆ ನೀರನ್ನು ಇಟ್ಟಾಗ, ಅವು ಸಕ್ಕರೆಯ ಮೇಲೆ ಮುಗಿಬೀಳುವುದು, ಅದು ಸಿಗದಿದ್ದಾಗ ನಡುಗುವುದು ಮುಂತಾದ ವ್ಯಸನದ ಚಿಹ್ನೆಗಳನ್ನು ತೋರಿದವು. ಸುಖ ಮತ್ತು ಅಪೇಕ್ಷೆಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಅವುಗಳ ಮಿದುಳಿನಲ್ಲಿ ಪ್ರತಿಸಲವೂ ಉಕ್ಕಿತು. ಸಕ್ಕರೆ ನೀರು ಸದಾಕಾಲ ಸಿಗುತ್ತಿದ್ದ ಇಲಿಗಳಲ್ಲಿಯಾದರೋ ಇಂಥ ವರ್ತನೆ ಕಾಣಲಿಲ್ಲ. ಸಕ್ಕರೆ ಎರಡೂ ಕಡೆ ಒಂದೇ ಆಗಿದ್ದು, ಉಪವಾಸದ ನಂತರ ಬಂದ ಸಕ್ಕರೆ ಮಾತ್ರ ಹೀಗೆ ಮಾಡಿತೆಂಬ ಅಂಶ ಜನಪ್ರಿಯ ಬರಹಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮನುಷ್ಯರ ವಿಷಯದಲ್ಲಿ ಇದು ಎಷ್ಟು ಮುಖ್ಯವೆಂಬುದು ಮುಂದೆ ತಿಳಿದುಬರುತ್ತದೆ.

ಪದಾರ್ಥದ ಪಾತ್ರವೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದೂ ಸರಿಯಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರವನ್ನೂ ಇಷ್ಟವಾದಷ್ಟು ತಿನ್ನಲು ಬಿಟ್ಟಾಗ, ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು. ಅದೇ ಜನ, ಅದೇ ಮನೋಬಲ, ತಟ್ಟೆಯಲ್ಲಿದ್ದದ್ದು ಮಾತ್ರ ಬೇರೆ. ಬೀದಿ ಬೀದಿಗೊಂದು ಬೇಕರಿ, ಅಂಗಡಿಯ ಮುಂದೆ ತೋರಣದಂತೆ ತೂಗುವ ಚಿಪ್ಸ್ ಪೊಟ್ಟಣಗಳು, ನಡುರಾತ್ರಿಯಲ್ಲೂ ಬಾಗಿಲಿಗೆ ತಿಂಡಿ ತಲುಪಿಸುವ ಮೊಬೈಲ್ ಆ್ಯಪ್‌ಗಳು ಇರುವ ಊರುಗಳಲ್ಲಿ, ಹೆಚ್ಚು ತಿಂದದ್ದನ್ನು ತಿಂದವರ ಚಾರಿತ್ರ್ಯದ ದೋಷವೆಂದು ನಿರ್ಣಯಿಸುವುದು ಅನ್ಯಾಯ.

ಆ ಅನ್ಯಾಯದ ನಿರ್ಣಯವನ್ನು ಎಲ್ಲರಿಗಿಂತ ಮೊದಲು ಕೊಡುವವರು ಕಾಯಿಲೆಯಿಂದ ನರಳುವವರೇ ಆಗಿರುವುದರಿಂದ ಆತ್ಮಗೌರವದ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಆತ್ಮಗೌರವವೆಂದರೆ ಒಬ್ಬ ವ್ಯಕ್ತಿ ತನಗೆ ತಾನೇ ಕಟ್ಟಿಕೊಳ್ಳುವ ಬೆಲೆ. ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಅದನ್ನು ಒಂದು ಭಾಗಾಕಾರದ ಲೆಕ್ಕವಾಗಿ ನಿರೂಪಿಸಿ, ಸಾಧಿಸಿದ್ದನ್ನು ಸಾಧಿಸಬೇಕೆಂದುಕೊಂಡದ್ದರಿಂದ ಭಾಗಿಸಿದರೆ ಬರುವುದೇ ಆತ್ಮಗೌರವ ಎಂದರು. ತಿನ್ನುವ ವ್ಯಸನದಲ್ಲಿ ಈ ಲೆಕ್ಕ ಎರಡೂ ಕಡೆಯಿಂದ ಕೆಡುತ್ತದೆ: ಪ್ರತಿ ಸೋಲಿನ ನಂತರ ಸಾಧನೆ ಇಳಿಯುವುದಷ್ಟೇ ಅಲ್ಲದೆ, ಆ ಸೋಲಿಗೆ ಪ್ರಾಯಶ್ಚಿತ್ತವಾಗಿ ಮರುದಿನದ ಸಂಕಲ್ಪ ಇನ್ನಷ್ಟು ಕಠೋರವಾಗುತ್ತದೆ, ಸಿಹಿ ಮುಟ್ಟುವುದಿಲ್ಲ ಎಂದಿದ್ದದ್ದು ಅನ್ನವನ್ನೂ ಮುಟ್ಟುವುದಿಲ್ಲ ಎಂದಾಗುತ್ತದೆ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ದಶಕಗಳ ಚಿಕಿತ್ಸೆಯ ಅನುಭವದಿಂದ ಗುರುತಿಸಿದ ಇನ್ನೊಂದು ಸಂಗತಿಯನ್ನು ಇದಕ್ಕೆ ಸೇರಿಸಬೇಕು. ಸಾಮಾನ್ಯವಾಗಿ ಮನುಷ್ಯರು ತಮ್ಮ ಬೆಲೆಯನ್ನು ಕೆಲಸ, ಸ್ನೇಹ, ತಾಯ್ತನ, ಕಲಿತ ವಿದ್ಯೆ, ನಂಬಿಕೆ ಹೀಗೆ ಹಲವು ಆಧಾರಗಳ ಮೇಲೆ ನಿಲ್ಲಿಸಿರುತ್ತಾರೆ. ಆಹಾರಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಒಳಗಾದ ಅನೇಕರಲ್ಲಿ ಮೈಯ ಆಕಾರ, ತೂಕ ಮತ್ತು ಅವುಗಳನ್ನು ಹತೋಟಿಯಲ್ಲಿಡುವ ಶಕ್ತಿ ಇವೇ ಉಳಿದೆಲ್ಲ ಆಧಾರಗಳ ಜಾಗವನ್ನು ಆಕ್ರಮಿಸಿಬಿಡುತ್ತವೆ. ಶಾಲೆಯಲ್ಲಿ ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಶಿಕ್ಷಕಿಯೊಬ್ಬರು ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತ ಕ್ಷಣದಲ್ಲಿ ತಾವು ಯಾವುದಕ್ಕೂ ಬಾರದವರು ಎಂದುಕೊಳ್ಳುವುದು ಹೀಗೆ ಸಾಧ್ಯವಾಗುತ್ತದೆ.

ತಪ್ಪಿತಸ್ಥ ಭಾವಕ್ಕೂ ನಾಚಿಕೆಗೂ ಮನಶ್ಶಾಸ್ತ್ರಜ್ಞರು ಮಾಡುವ ವ್ಯತ್ಯಾಸ ಈ ಸಂದರ್ಭದಲ್ಲಿ ಉಪಯುಕ್ತ. ಮಾಡಿದ ಕೆಲಸ ಕೆಟ್ಟದ್ದು ಎಂಬ ಭಾವನೆ ತಿದ್ದಿಕೊಳ್ಳುವುದಕ್ಕೆ ದಾರಿಮಾಡಿಕೊಟ್ಟರೆ, ಮಾಡಿದ ತಾನೇ ಕೆಟ್ಟವನು ಅಥವಾ ಕೆಟ್ಟವಳು ಎಂಬ ಭಾವನೆ ಅಡಗಿಕೊಳ್ಳುವುದಕ್ಕೆ ಪ್ರೇರೇಪಿಸುತ್ತದೆ. ಈ ಕಾಯಿಲೆಯೊಂದಿಗೆ ಬದುಕುವವರ ದಿನಚರಿಯ ತುಂಬ ಅಡಗುವಿಕೆಯ ಕುರುಹುಗಳಿರುತ್ತವೆ. ಮನೆಯವರೆಲ್ಲ ಮಲಗುವವರೆಗೆ ಕಾಯುವುದು, ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಯ ಅಡಿಗೆ ತಳ್ಳುವುದು ಅಥವಾ ಕೈಚೀಲದಲ್ಲಿಟ್ಟುಕೊಂಡು ಬೇರೆ ಬೀದಿಯಲ್ಲಿ ಎಸೆದು ಬರುವುದು, ಒಂದೇ ಅಂಗಡಿಯವರಿಗೆ ಗೊತ್ತಾಗದಂತೆ ಎರಡು ಮೂರು ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದು, ಹೋಟೆಲಿನಲ್ಲಿ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಿ ಪಾರ್ಸೆಲ್ ಕಟ್ಟಿಸುವುದು, ಖಾಲಿಯಾದ ಚಕ್ಕುಲಿ ಡಬ್ಬವನ್ನು ಯಾರಾದರೂ ಮುಚ್ಚಳ ತೆಗೆಯುವ ಮೊದಲೇ ತುಂಬಿಸಿಡುವುದು ಇವೆಲ್ಲ ಹಸಿವಿನ ಕೆಲಸಗಳಲ್ಲ, ನಾಚಿಕೆಯ ಕೆಲಸಗಳು. ನಾಲ್ಕು ಜನರ ಮುಂದೆ ಇಂಥವರು ಬಹಳ ಕಡಿಮೆ ತಿನ್ನುವುದರಿಂದ ಸಮೀಪದವರಿಗೂ ಅನುಮಾನ ಬರುವುದಿಲ್ಲ. ಕುಪ್ಪಸ ಬಿಗಿಯಾಗುತ್ತದೆಂದು ಮದುವೆಗೆ ಹೋಗದಿರುವುದು, ಗುಂಪಿನ ಫೋಟೋದಲ್ಲಿ ಹಿಂದಿನ ಸಾಲು ಹುಡುಕುವುದು, ಸಣ್ಣಗಾದ ಮೇಲೆ ನೃತ್ಯ ಕಲಿಯೋಣ, ಸಣ್ಣಗಾದ ಮೇಲೆ ಕೆಲಸಕ್ಕೆ ಅರ್ಜಿ ಹಾಕೋಣ ಎಂದು ಬದುಕನ್ನೇ ಮುಂದೂಡುವುದು ಕ್ರಮೇಣ ಅಭ್ಯಾಸವಾಗುತ್ತದೆ, ಮತ್ತು ಮುಂದೂಡಿದ ಒಂದೊಂದು ಕೆಲಸವೂ ಆತ್ಮಗೌರವ ಊರಿ ನಿಲ್ಲಬಹುದಾಗಿದ್ದ ಇನ್ನೊಂದು ಆಧಾರವನ್ನು ಕಿತ್ತುಕೊಳ್ಳುತ್ತದೆ.

ಕರ್ನಾಟಕದ ಮನೆಗಳಲ್ಲಿ ಈ ನಾಚಿಕೆಗೆ ವಿಶಿಷ್ಟವಾದ ಇಕ್ಕಟ್ಟೊಂದು ಸೇರಿಕೊಳ್ಳುತ್ತದೆ. ಉಣಬಡಿಸುವುದು ಇಲ್ಲಿ ಪ್ರೀತಿಯ ಭಾಷೆಯಾಗಿರುವುದರಿಂದ ಬೇಡವೆನ್ನುವುದು ಅವಮರ್ಯಾದೆಯಾಗುತ್ತದೆ. ಅದೇ ವೇಳೆ ಬಂದವರ ಮೈ ನೋಡಿ ಮಾತನಾಡುವುದಕ್ಕೆ ಯಾವ ಸಂಕೋಚವೂ ಇರುವುದಿಲ್ಲ. ಏನಮ್ಮಾ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯಲ್ಲ ಎಂದ ಬಾಯಿಯೇ, ಇನ್ನೊಂದು ಹಾಕಿಸಿಕೋ, ಏನೂ ಆಗುವುದಿಲ್ಲ ಎಂದು ಉಸಿರೆಳೆಯುವಷ್ಟರಲ್ಲಿ ಹೇಳುತ್ತದೆ. ಡುಮ್ಮ, ಡುಮ್ಮಿ ಎಂಬ ಅಡ್ಡಹೆಸರುಗಳನ್ನು ಮುದ್ದಿನಿಂದ ಇಟ್ಟೆವೆಂದು ಹಿರಿಯರು ತಿಳಿದಿದ್ದರೂ, ಅವುಗಳನ್ನು ಹೊತ್ತು ಬೆಳೆದ ಮಕ್ಕಳಿಗೆ ಅವು ಮುದ್ದಾಗಿ ಕೇಳಿಸಿರುವುದಿಲ್ಲ. ಎಲ್ಲರೂ ಉಂಡ ಮೇಲೆ ಕೊನೆಯಲ್ಲಿ ಕುಳಿತು, ಚೆಲ್ಲಬಾರದೆಂಬ ಕಾರಣಕ್ಕೆ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ತಾನೇ ಮುಗಿಸುವ ಗೃಹಿಣಿ, ಹಗಲೆಲ್ಲ ಇತರರ ಹಸಿವನ್ನು ಲೆಕ್ಕಹಾಕುತ್ತಾ ತನ್ನ ಹಸಿವು ಯಾವಾಗ ಬಂತು, ಯಾವಾಗ ತೀರಿತು ಎಂಬುದರ ಅರಿವನ್ನೇ ಕಳೆದುಕೊಂಡಿರುತ್ತಾಳೆ. ಸೋಮವಾರ, ಶನಿವಾರ, ಏಕಾದಶಿಗಳ ಉಪವಾಸ ಶ್ರದ್ಧೆಯಿಂದ ಮಾಡಿದಾಗ ಗೌರವಾರ್ಹವಾದದ್ದು. ಆದರೆ ಹಿಂದಿನ ರಾತ್ರಿ ತಿಂದದ್ದಕ್ಕೆ ಶಿಕ್ಷೆಯಾಗಿ ಉಪವಾಸವನ್ನು ಬಳಸತೊಡಗಿದಾಗ, ವ್ರತದ ಹೆಸರಿನಲ್ಲಿ ಕಾಯಿಲೆಯೇ ಮನೆಯಲ್ಲಿ ಪೂಜೆ ಪಡೆಯುತ್ತಿರುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ರಾಜ್ಯದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಅವರಲ್ಲಿ ಬಹುಪಾಲು ಜನರಿಗೆ ಈ ವ್ಯಸನವಿಲ್ಲದಿದ್ದರೂ, ಮೈಯ ಬಗೆಗಿನ ಈ ಮಾತುಗಳನ್ನು ಕೇಳಿಸಿಕೊಳ್ಳದವರು ವಿರಳ.

ಇಂಥ ಮಾತುಗಳ ಹಿಂದೆ, ನಾಚಿಕೆಪಡಿಸಿದರೆ ತಿನ್ನುವುದು ಕಡಿಮೆಯಾದೀತೆಂಬ ನಂಬಿಕೆ ಅಡಗಿರುತ್ತದೆ. ಸಂಶೋಧನೆ ಇದಕ್ಕೆ ವಿರುದ್ಧವಾದುದನ್ನು ತೋರಿಸಿದೆ. ಟಾಡ್ ಹೆದರ್ಟನ್ ಮತ್ತು ರಾಯ್ ಬೌಮೈಸ್ಟರ್ 1991ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ತನ್ನನ್ನು ತಾನು ಕಠೋರವಾದ ಅಳತೆಗೋಲಿನಿಂದ ಅಳೆದುಕೊಂಡು ಕೊರತೆಯನ್ನೇ ಕಾಣುವವರಿಗೆ ತಮ್ಮ ಬಗೆಗಿನ ಪ್ರಜ್ಞೆಯೇ ನೋವಾಗುತ್ತದೆ, ಮತ್ತು ಗಮನವನ್ನು ರುಚಿ, ಅಗಿಯುವಿಕೆ, ನುಂಗುವಿಕೆಗಳಂಥ ಕ್ಷಣದ ಸಂವೇದನೆಗಳಿಗೆ ಇಳಿಸುವುದು ಆ ನೋವಿನಿಂದ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ. ಹೀಗೆ ತಿನ್ನುತ್ತಿರುವ ಹದಿನೈದು ನಿಮಿಷ ತಾನು ಎಂಬ ಭಾರ ಇಳಿದಿರುತ್ತದೆ. ಡಬ್ಬ ಬರಿದಾದೊಡನೆ ಅದು ಇಮ್ಮಡಿಯಾಗಿ ಮರಳುತ್ತದೆ. ನಿಯಮ ಮುರಿದಾಗ ಏನಾಗುತ್ತದೆ ಎಂಬುದನ್ನು 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಸರಳವಾದ ಪ್ರಯೋಗದಿಂದ ತೋರಿಸಿದ್ದರು. ಮೊದಲು ಮಿಲ್ಕ್‌ಶೇಕ್ ಕುಡಿಸಿ ನಂತರ ಐಸ್‌ಕ್ರೀಮಿನ ರುಚಿ ನೋಡಲು ಹೇಳಿದಾಗ, ಸಾಮಾನ್ಯ ಜನರು ಕಡಿಮೆ ತಿಂದರೆ, ಪಥ್ಯದಲ್ಲಿದ್ದವರು ಮಿಲ್ಕ್‌ಶೇಕ್ ಕುಡಿಯದಿದ್ದಾಗ ತಿನ್ನುತ್ತಿದ್ದುದಕ್ಕಿಂತ ಹೆಚ್ಚು ತಿಂದರು. ಹೇಗೂ ಇವತ್ತಿನ ದಿನ ಕೆಟ್ಟಿತು, ನಾಳೆಯಿಂದ ಸರಿಯಾಗಿರೋಣ ಎಂಬ ಈ ತರ್ಕ ಪಥ್ಯ ಹಿಡಿದವರಿಗೆಲ್ಲ ಪರಿಚಿತವೇ.

ಹೊಟ್ಟೆಯನ್ನು ಬಹುಕಾಲ ಕಟ್ಟಿದಾಗ ಗಟ್ಟಿಮನಸ್ಸಿನವರೂ ಇದೇ ಸ್ಥಿತಿಗೆ ಬರುತ್ತಾರೆಂಬುದಕ್ಕೆ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ನಡೆಸಿದ ಅಧ್ಯಯನಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂಬ ತಮ್ಮ ಧರ್ಮನಿಷ್ಠೆಗೆ ಅಂಟಿಕೊಂಡಿದ್ದ, ದೇಹ ಮನಸ್ಸು ಎರಡರಲ್ಲೂ ಆರೋಗ್ಯವಂತರಾಗಿದ್ದ 36 ಯುವಕರು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಲು ತಾವಾಗಿಯೇ ಒಪ್ಪಿದರು. ಅವರ ತೂಕದ ಸುಮಾರು ನಾಲ್ಕನೆಯ ಒಂದು ಭಾಗ ಇಳಿಯುವಷ್ಟರಲ್ಲಿ ಅವರ ಮಾತು, ಕನಸು, ಓದು ಎಲ್ಲವೂ ಆಹಾರವೇ ಆಗಿ, ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆಗಳನ್ನು ನೆಕ್ಕಿದರು, ಕದ್ದು ತಿಂದು ಕಣ್ಣೀರಿಟ್ಟರು. ಮತ್ತೆ ಊಟ ದೊರೆತಾಗ ಹೊಟ್ಟೆ ಬಿರಿಯುವಂತೆ ತಿಂದೂ ಹಸಿವು ಹೋಗಲಿಲ್ಲವೆಂದರು. ಸರ್ಕಾರಕ್ಕೂ ಸಮಾಜಕ್ಕೂ ಎದುರು ನಿಂತ ಆ ಯುವಕರಲ್ಲಿ ಮನೋಬಲದ ಕೊರತೆ ಇತ್ತೆಂದು ಯಾರೂ ಹೇಳಲಾರರು.

ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಬರುವ ಕೋಸಲದ ದೊರೆ ಪಸೇನದಿಯ ಪ್ರಸಂಗ ಈ ಹಿನ್ನೆಲೆಯಲ್ಲಿ ಹೊಸ ಅರ್ಥ ಪಡೆಯುತ್ತದೆ. ಕೊಳಗದಷ್ಟು ಅನ್ನ ಉಣ್ಣುವ ರೂಢಿಯಿದ್ದ ಆ ದೊರೆ ಊಟ ಮುಗಿಸಿ ಏದುಸಿರು ಬಿಡುತ್ತಾ ಬುದ್ಧನ ಬಳಿ ಬಂದಾಗ, ಬುದ್ಧ ಅವನನ್ನು ಹೀಗಳೆಯದೆ, ಉಪವಾಸವನ್ನೂ ವಿಧಿಸದೆ, ಅಳತೆಯರಿತು ಉಣ್ಣುವುದರಿಂದ ಆಗುವ ಒಳಿತನ್ನು ತಿಳಿಸುವ ಒಂದು ಪದ್ಯವನ್ನಷ್ಟೇ ಹೇಳಿದ. ದೊರೆ ತನ್ನ ಹಿಂದೆ ನಿಂತಿದ್ದ ಸುದಸ್ಸನನೆಂಬ ತರುಣನಿಗೆ ಅದನ್ನು ಕಲಿತುಕೊಂಡು ಊಟದ ಹೊತ್ತಿನಲ್ಲಿ ಹೇಳುವಂತೆ ಕೇಳಿ, ಅದಕ್ಕೆ ದಿನವೂ ನೂರು ಕಹಾಪಣ ನಾಣ್ಯಗಳ ಸಂಭಾವನೆಯನ್ನು ಗೊತ್ತುಮಾಡಿದ. ದಿನ ಕಳೆದಂತೆ ಅವನ ಊಟ ಒಂದು ನಾಳಿ ಅಳತೆಯ ಅನ್ನಕ್ಕೆ ಬಂದು ನಿಂತಿತು. ಈ ಬದಲಾವಣೆ ಮೆಲ್ಲಮೆಲ್ಲನೆ ಆಯಿತೆಂಬುದು, ಊಟದ ಹೊತ್ತಿನಲ್ಲಿ ಅವನು ಒಂಟಿಯಾಗಿರಲಿಲ್ಲವೆಂಬುದು, ಜೊತೆಗಿದ್ದ ದನಿ ನಿಂದನೆಯದಾಗಿರಲಿಲ್ಲವೆಂಬುದು ಇಂದಿನ ಚಿಕಿತ್ಸಕರೂ ಒಪ್ಪುವಂಥ ಅಂಶಗಳು.

ಒಂಟಿತನವನ್ನು ಮುರಿಯುವ ಕೆಲಸವನ್ನು ಆಧುನಿಕ ಕಾಲದಲ್ಲಿ ಸಂಘಟಿತವಾಗಿ ಕೈಗೊಂಡದ್ದು 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಓವರ್‌ಈಟರ್ಸ್ ಅನಾನಿಮಸ್ ಎಂಬ ಪರಸ್ಪರ ಸಹಾಯದ ಬಳಗ. ಕುಡಿತ ಬಿಡಿಸುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲುಗಳ ಮಾದರಿಯನ್ನೇ ಅನುಸರಿಸುವ ಈ ಬಳಗದಲ್ಲಿ ಸದಸ್ಯರು ಪೂರ್ಣ ಹೆಸರು ಹೇಳದೆ ತಮ್ಮ ತಿನ್ನುವಿಕೆಯ ಬಗ್ಗೆ ಇತರ ಸದಸ್ಯರೆದುರು ಮುಕ್ತವಾಗಿ ಮಾತನಾಡುತ್ತಾರೆ. ಜಗತ್ತಿನಲ್ಲಿ ತನ್ನೊಬ್ಬಳಿಗೆ ಮಾತ್ರ ಹೀಗಾಗಿದೆಯೆಂದು ತಿಳಿದಿದ್ದವಳು ಅದೇ ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ನಾಚಿಕೆಯ ಬೇರು ಸಡಿಲವಾಗುವುದನ್ನು ಅಲ್ಲಗಳೆಯಲಾಗದು. ಆದರೆ ಕೆಲವು ಸದಸ್ಯರು ಪಾಲಿಸುವ, ಸಕ್ಕರೆ ಮತ್ತು ಹಿಟ್ಟುಗಳನ್ನು ಜನ್ಮವಿಡೀ ವರ್ಜಿಸುವ ಕ್ರಮ ಎಲ್ಲರಿಗೂ ಹೊಂದುವಂಥದ್ದಲ್ಲ. ಅದರಿಂದ ನೆಮ್ಮದಿ ಕಂಡವರಿರುವಂತೆ, ಇನ್ನೊಂದು ಮುರಿಯುವ ನಿಯಮ ಸಿಕ್ಕಿದಂತಾಗಿ ಮತ್ತೆ ಕುಸಿದವರೂ ಇರಬಲ್ಲರು.

ಸಂಶೋಧನೆಯ ಬೆಂಬಲ ಹೆಚ್ಚಾಗಿ ದೊರೆತಿರುವುದು ಆಲೋಚನೆ ಮತ್ತು ವರ್ತನೆಗಳನ್ನು ಒಟ್ಟಿಗೆ ತಿದ್ದುವ ಮಾತಿನ ಚಿಕಿತ್ಸೆಗೆ. ಫೇರ್‌ಬರ್ನ್ ರೂಪಿಸಿದ ಕ್ರಮದಲ್ಲಿ ಮೊದಲು ಬರುವ ಸೂಚನೆ ಅನೇಕರನ್ನು ಬೆರಗುಗೊಳಿಸುತ್ತದೆ, ಏಕೆಂದರೆ ಅದು ಕಡಿಮೆ ತಿನ್ನಿ ಎನ್ನದೆ ಹೊತ್ತಿಗೆ ಸರಿಯಾಗಿ ತಿನ್ನಿ ಎನ್ನುತ್ತದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಮತ್ತು ಅವುಗಳ ನಡುವೆ ಎರಡು ಮೂರು ಬಾರಿ ಅಲ್ಪಾಹಾರ ತೆಗೆದುಕೊಂಡು, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಹೊಟ್ಟೆ ಖಾಲಿ ಬಿಡದಂತೆ ನೋಡಿಕೊಂಡರೆ, ಅತಿಭಕ್ಷಣೆ ಎಷ್ಟೋ ಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ತಿಂದದ್ದನ್ನೂ ಆಗ ಮನಸ್ಸಿನಲ್ಲಿದ್ದದ್ದನ್ನೂ ಆಗಿಂದಾಗಲೇ ಬರೆದಿಡುವುದು, ತೂಕ ನೋಡುವುದನ್ನು ವಾರಕ್ಕೊಮ್ಮೆಗೆ ಸೀಮಿತಗೊಳಿಸುವುದು, ವರ್ಜಿಸಿದ್ದ ತಿನಿಸುಗಳನ್ನು ಒಂದೊಂದಾಗಿ ಭಯವಿಲ್ಲದೆ ಮರಳಿ ತರುವುದು ನಂತರದ ಹಂತಗಳು. ತೂಕ ಇಳಿಯುವುದು ಈ ಚಿಕಿತ್ಸೆಯ ನೇರ ಗುರಿಯಲ್ಲ. ಅದಕ್ಕೆ ಬದಲಾಗಿ, ಮುಂದೂಡಿದ್ದ ನೃತ್ಯ, ಓದು, ಸ್ನೇಹ, ಉದ್ಯೋಗಗಳನ್ನು ಈಗಿರುವ ಮೈಯಲ್ಲಿಯೇ ಆರಂಭಿಸುವಂತೆ ಚಿಕಿತ್ಸಕರು ಒತ್ತಾಯಿಸುತ್ತಾರೆ, ಏಕೆಂದರೆ ಆತ್ಮಗೌರವ ಊರಿ ನಿಲ್ಲಲು ಹೊಸ ಆಧಾರಗಳು ಬೇಕು. ಮಧುಮೇಹ ಇರುವವರು ಈ ಊಟದ ಕ್ರಮವನ್ನು ತಮ್ಮ ವೈದ್ಯರೊಂದಿಗೆ ಕೂಡಿಯೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಂಥ ನೆರವಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸಬಹುದು. ಅಷ್ಟು ದೂರ ಹೋಗಲು ಧೈರ್ಯ ಸಾಲದವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರು ಮಾಡಬಹುದಾದದ್ದು ಕಡಿಮೆಯೇನಲ್ಲ. ತಟ್ಟೆಯ ಮೇಲೆ ಕಣ್ಣಿಡದಿರುವುದು, ಡಬ್ಬಗಳಿಗೆ ಬೀಗ ಹಾಕದಿರುವುದು, ಮೈಯ ಬಗ್ಗೆ ಹೊಗಳಿಕೆಯನ್ನೂ ತೆಗಳಿಕೆಯನ್ನೂ ನಿಲ್ಲಿಸುವುದು, ಸಾಧ್ಯವಾದಷ್ಟು ಹೊತ್ತು ಜೊತೆಗೇ ಕುಳಿತು ಉಣ್ಣುವುದು ಔಷಧಿಯಷ್ಟೇ ಬೆಲೆಬಾಳುತ್ತವೆ.

ಚಿಕಿತ್ಸೆ ಆರಂಭವಾದ ಮೇಲೂ ಹಳೆಯ ರಾತ್ರಿಗಳು ಆಗಾಗ ಮರುಕಳಿಸುತ್ತವೆ. ಅವು ಮರುಕಳಿಸಿದವೆಂದ ಮಾತ್ರಕ್ಕೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ, ತಿಂಗಳಿಗೆ ಹತ್ತು ಸಲ ಆಗುತ್ತಿದ್ದದ್ದು ಎರಡು ಸಲಕ್ಕೆ ಇಳಿದಿದ್ದರೆ ಅದು ಗುಣಮುಖವಾಗುತ್ತಿರುವ ಲಕ್ಷಣವೇ. ಅಂಥ ರಾತ್ರಿಯ ನಂತರದ ಬೆಳಿಗ್ಗೆ, ಹಸಿವಿಲ್ಲವೆಂದು ತೋರಿದರೂ, ತನಗೆ ತಿನ್ನುವ ಅರ್ಹತೆಯೇ ಇಲ್ಲವೆಂದು ಮನಸ್ಸು ಹೇಳಿದರೂ, ಎಂದಿನ ಹೊತ್ತಿಗೆ ಎಂದಿನ ಅಳತೆಯ ಇಡ್ಲಿಯನ್ನೋ ಉಪ್ಪಿಟ್ಟನ್ನೋ ಕುಳಿತು ತಿನ್ನಬೇಕೆಂದು ಚಿಕಿತ್ಸಕರು ಖಚಿತವಾಗಿ ಹೇಳುತ್ತಾರೆ. ಮುಂದಿನ ಅತಿಭಕ್ಷಣೆ ಶುರುವಾಗುವುದು ಆ ಬೆಳಗಿನ ತಿಂಡಿಯನ್ನು ಬಿಟ್ಟಲ್ಲಿಂದಲೇ.